ಆರು ಪದ, ಒಂದು ಮುಖ

ಹತ್ತೊಂಬತ್ತನೆಯ ಚಿತ್ರದಲ್ಲಿ ಒಬ್ಬ ಗಂಡಸು ಹಲ್ಲು ಕಿರಿಯುತ್ತಿದ್ದ. ಕೆಳಗೆ ಸಂತೋಷ, ದುಃಖ, ಕೋಪ, ಭಯ, ಅಸಹ್ಯ, ಆಶ್ಚರ್ಯ ಎಂಬ ಆರು ಪದಗಳು. ಇವನಿಗೆ ಏನನ್ನಿಸುತ್ತಿದೆ, ತೋರಿಸಿ ಎಂದಳು ಪರೀಕ್ಷೆ ನಡೆಸುವ ಹುಡುಗಿ. ಚೆಕಿಂಗಮ್ಮ ಆರನ್ನೂ ಬಿಟ್ಟು, ಮಡಿಲಲ್ಲಿದ್ದ ಅಕ್ಷರದ ಹಲಗೆಯ ಮೇಲೆ ಎಡಗೈ ತೋರುಬೆರಳನ್ನು ಎಳೆದೆಳೆದು ಮೂರು ಅಕ್ಷರ ಮುಟ್ಟಿದರು. ನಾಟಕ.

ಮೂವತ್ತೊಂದು ವರ್ಷ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದವರು. ಚೆಕಿಂಗಮ್ಮ ಎಂಬುದು ಡ್ರೈವರುಗಳು ಇಟ್ಟ ಹೆಸರು. ಟಿಕೆಟ್ ಇಲ್ಲದೆ ಕಿಟಕಿ ನೋಡುವವನು ಹೊಸಬ, ಪಳಗಿದವನು ಕಣ್ಣಿಗೆ ಕಣ್ಣಿಟ್ಟು ನಗುತ್ತಾನೆ ಎನ್ನುತ್ತಿದ್ದರು. ಅಂಥವರ ಮುಂದೆ ಫೋಟೋಕ್ಕೆಂದು ಕಿಸಿದ ಹಲ್ಲು ಹಿಡಿದು ಸಂತೋಷ ಅನ್ನಿ ಎಂದರೆ ಅನ್ನುತ್ತಾರೆಯೇ?

ಆದರೆ ಪರೀಕ್ಷೆ ಹುಡುಗಾಟದ್ದಲ್ಲ. ಹದಿನಾಲ್ಕು ತಿಂಗಳಲ್ಲಿ ರೋಗ ಕಾಲು, ಬಲಗೈ, ನಾಲಿಗೆಗಳನ್ನು ಒಂದೊಂದಾಗಿ ನುಂಗಿತ್ತು. ಇನ್ನು ಉಸಿರಿನ ಸರದಿ. ಆಗ ಗಂಟಲಿಗೆ ತೂತು ಮಾಡಿ ಉಸಿರಾಟದ ಮೆಷಿನ್ ಹಾಕಬೇಕೋ, ಸುಮ್ಮನೆ ಬಿಡಬೇಕೋ ಈಗಲೇ ತೀರ್ಮಾನವಾಗಬೇಕು. ಕೆಲವರಲ್ಲಿ ಈ ರೋಗ ಎದುರಿನವರ ಭಾವನೆ ತಿಳಿಯುವ ಶಕ್ತಿಯನ್ನೂ ಮಂಕು ಮಾಡುತ್ತದೆ, ಅದನ್ನಿಷ್ಟು ನೋಡಿಕೊಂಡೇ ಮಾತಾಡೋಣ ಎಂದಿದ್ದರು ಡಾಕ್ಟರು.

ಗೋಡೆಯ ಪಕ್ಕ ಕುರ್ಚಿಯಲ್ಲಿ ಗಂಡ ಕೂತಿದ್ದರು. ಕನ್ನಡಕದಂಗಡಿಯವರು, ಕಂಡವರ ಕಣ್ಣಿನ ನಂಬರು ಹೇಳುವವರು. ಮೆಷಿನ್ ಬೇಡ ಎಂದು ಅವರು ಡಾಕ್ಟರಿಗೆ ಹೇಳಿಯೂ ಆಗಿತ್ತು. ಅದರ ಮಾತೆತ್ತಿದಾಗಲೆಲ್ಲ ಹೆಂಡತಿ ಬಿಕ್ಕಿಬಿಕ್ಕಿ ಅಳುವುದನ್ನು ಕಣ್ಣಾರೆ ಕಂಡಿದ್ದರು. ಈ ರೋಗದಲ್ಲಿ ಅಳು, ನಗು ಹೇಳದೆ ಕೇಳದೆ ಬರುತ್ತವೆ ಎಂದು ಡಾಕ್ಟರು ತಿಳಿಸಿದ್ದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದರು. ಅವಳು ಅತ್ತಳೆಂದರೆ ಸಾಕು, ಆಯಾಸ ಮಾಡ್ಕೋಬೇಡ ಎಂದು ಕಣ್ಣೊರೆಸಿ ಹಲಗೆಯನ್ನು ಕಪಾಟಿನ ಮೇಲೆ ಎತ್ತಿಡುತ್ತಿದ್ದರು. ಪ್ರೀತಿಯಿಂದಲೇ. ಆ ಪ್ರೀತಿಗೆ ಬೆಂಕಿ ಬೀಳಲಿ. ಮೆಷಿನ್ ಬಗ್ಗೆ ಚೆಕಿಂಗಮ್ಮ ಹೇಳಬೇಕೆಂದಿದ್ದ ಮಾತು ಒಂದು ದಿನವೂ ಎರಡಕ್ಷರ ದಾಟಿರಲಿಲ್ಲ.

ಇಪ್ಪತ್ತೆಂಟನೆಯ ಚಿತ್ರದ ಹೊತ್ತಿಗೆ ಅಳು ನುಗ್ಗಿತು. ಭುಜ ಕುಣಿಯತೊಡಗಿತು, ಬಾಯಿ ಸೊಟ್ಟಗಾಯಿತು. ಗಂಡ ಎದ್ದು ಬಂದು ಅಭ್ಯಾಸದಂತೆ ಹಲಗೆಗೆ ಕೈ ಹಾಕಿದರು.

"ಸರ್, ಪರೀಕ್ಷೆ ಮುಗಿಯೋವರೆಗೂ ಅದನ್ನ ಬೇರೆ ಯಾರೂ ಮುಟ್ಟೋ ಹಾಗಿಲ್ಲ," ಎಂದಳು ಹುಡುಗಿ.

"ಅಳ್ತಿದ್ದಾಳೆ ಕಣಮ್ಮಾ."

"ಬೆರಳು ಓಡ್ತಾ ಇದೆ ಸರ್."

ಓಡುತ್ತಿತ್ತು. ಹುಡುಗಿ ಬಗ್ಗಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು: ನನ್ನ ಮುಖ. ಅವರನ್ನ ಕೇಳಿ.

ಅಂಥದ್ದು ಪರೀಕ್ಷೆಯಲ್ಲಿ ಇರಲಿಲ್ಲ. ಹುಡುಗಿ ಬಾಗಿಲ ಕಡೆ ಒಮ್ಮೆ ನೋಡಿ, ಆರು ಪದಗಳ ಹಾಳೆಯನ್ನು ಗಂಡನತ್ತ ಸರಿಸಿದಳು. ಅವರು ಯೋಚಿಸಲೂ ಇಲ್ಲ, ದುಃಖವನ್ನು ತೋರಿಸಿದರು. ಬೆರಳು ತಪ್ಪು ಎಂದಿತು. ಭಯವೇ ಎಂದರು. ಅದೂ ತಪ್ಪು. ಮೂರನೆಯದಕ್ಕೆ ಅವರ ಕೈ ಹಾಳೆಯ ಮೇಲೆ ಅಲೆದು, ಎಲ್ಲಿಯೂ ನಿಲ್ಲದೆ ಹಿಂದಕ್ಕೆ ಬಂತು. ಇಪ್ಪತ್ತೊಂಬತ್ತು ವರ್ಷ ಒಂದೇ ಮಂಚದಲ್ಲಿ ಮಲಗಿದವರು, ನಾಚಿಕೆಯಿಂದ ಕುಗ್ಗಿಹೋದರು.

ಚೆಕಿಂಗಮ್ಮ ಅಳುತ್ತಲೇ ಇದ್ದರು. ಬೆರಳು ಎರಡು ಸಲ ಜಾರಿತು, ಎರಡು ಸಲವೂ ವಾಪಸು ಬಂತು. ಈ ಸಲ ಗಂಡನೇ ಓದಿದರು.

"ಅಳು ರೋಗದ್ದು. ಕೋಪ ನನ್ನದು."

ಮುಂದಿನ ಮಾತಿಗೆ ಬಹಳ ಹೊತ್ತು ಹಿಡಿಯಿತು. ಕೋಣೆಯಲ್ಲಿ ಮೂವರೂ ಹಲಗೆಯನ್ನೇ ನೋಡುತ್ತಿದ್ದರು.

"ಮೆಷಿನ್ ಬೇಕು. ಟಿಕೆಟ್ ಇದೆ. ಇಳಿಯಲ್ಲ."

ಗಂಡನಿಗೆ ನಗು ಬಂತು. ಆಯ್ತು, ಡಾಕ್ಟರಿಗೆ ಈಗಲೇ ಹೋಗಿ ಹೇಳಿಬರುತ್ತೇನೆ ಎಂದು ಬಾಗಿಲ ಕಡೆ ಹೆಜ್ಜೆ ಹಾಕಿದರು. ಹಿಂದಿನಿಂದ ಬೆರಳು ಹಲಗೆಯನ್ನು ಟಕ್ ಟಕ್ ಎಂದು ಕುಟ್ಟಿತು. ತಿರುಗಿ ನೋಡಿದರು.

"ನಾನೇ ಹೇಳ್ತೀನಿ. ನೀವು ಹಲಗೆ ಹಿಡೀರಿ."

ಹುಡುಗಿ ಡಾಕ್ಟರನ್ನು ಕರೆಯಲು ಹೊರಗೆ ಹೋದಳು. ಗಂಡ ಗಾಲಿಕುರ್ಚಿಯ ಮುಂದೆ ಮಂಡಿಯೂರಿ, ಹಲಗೆಯನ್ನು ಎರಡೂ ಕೈಯಲ್ಲಿ ಬೆರಳಿನ ಎತ್ತರಕ್ಕೆ ಹಿಡಿದರು. ಅದು ನಡುಗುತ್ತಿತ್ತು. ಚೆಕಿಂಗಮ್ಮ ಅದು ನಿಲ್ಲುವವರೆಗೂ ಕಾದರು.