ಬಾಗಿಲಪ್ಪನ ಕೀಲಿ

“ಮೈಮೇಲೆ ಲೋಹದ್ದೇನಾದ್ರೂ ಇದ್ರೆ ಈಗ್ಲೇ ತೆಗೆದುಬಿಡಿ, ಒಳಗೆ ಹೋದ್ಮೇಲೆ ಆಗಲ್ಲ,” ಎಂದು ವಿದ್ಯುತ್ ಚಿತಾಗಾರದವನು ಎರಡನೇ ಸಲ ಹೇಳುವ ಹೊತ್ತಿಗೆ ಮಗಳು ಅಪ್ಪನ ಉಂಗುರ ಬಿಡಿಸಿ ಅಮ್ಮನ ಕೈಗೆ ಕೊಟ್ಟಾಗಿತ್ತು. ಯಾವುದಕ್ಕೂ ಇರಲಿ ಎಂದು ಅಂಗಿಯ ಜೇಬಿಗೂ ಕೈಹಾಕಿದಳು. ಬೆರಳಿಗೆ ಏನೋ ತಣ್ಣಗೆ ತಗುಲಿತು. ಹೊರಗೆಳೆದರೆ ದಪ್ಪನೆಯ ಹಿತ್ತಾಳೆ ಕೀಲಿ, ಅದಕ್ಕೊಂದು ಕೆಂಪು ಬಿಲ್ಲೆ.

ಬೆಳಿಗ್ಗೆ ಆ ಅಂಗಿ ತೊಡಿಸಿದವಳು ಅವಳೇ. ಆಗ ಜೇಬಿನಲ್ಲಿ ಏನೂ ಇರಲಿಲ್ಲ.

“ಇದನ್ನ ಯಾರಿಟ್ಟಿದ್ದು?”

ಅಪ್ಪ ಕೆಲಸ ಮಾಡಿದ್ದ ಪ್ರಯೋಗಾಲಯದಿಂದ ಬಂದವರು ಗೋಡೆಗೆ ಅಂಟಿಕೊಂಡು ನಿಂತಿದ್ದರು. ಅವರಲ್ಲಿ ಕಂಟ್ರೋಲ್ ರೂಮಿನ ಮಾವ ತಲೆ ತಗ್ಗಿಸಿದ. ಅಪ್ಪನಿಗಿಂತ ಎಷ್ಟೋ ಚಿಕ್ಕವನಾದ ಗೆಳೆಯ, ರಕ್ತಸಂಬಂಧವೇನಲ್ಲ, ಚಿಕ್ಕಂದಿನಿಂದ ಅವಳ ಬಾಯಲ್ಲಿ ಅವನು ಮಾವ.

“ನಾನೇ ಕಣಮ್ಮ. ಮುಖ ನೋಡೋಕೆ ಬಗ್ಗಿದ್ನಲ್ಲ, ಆಗ ಹಾಕ್ದೆ. ಲೋಹ ತೆಗೀಬೇಕು ಅನ್ನೋದು ಹೊಳೀಲೇ ಇಲ್ಲ. ಇಷ್ಟು ವರ್ಷ ನಿಮ್ಮಪ್ಪನ ಜೊತೆಗಿದ್ದು ನಾನೇನು ಕಲ್ತೆನೋ!”

ಕುಲುಮೆ ಕಾಯುವುದಕ್ಕೆ ಇನ್ನೂ ಸ್ವಲ್ಪ ಹೊತ್ತು ಬೇಕು, ಹೊರಗೆ ಕೂತಿರಿ ಎಂದ ಚಿತಾಗಾರದವನು. ಮಗಳು ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಹೊರಗೆ ಬಂದಳು. ಪ್ರಯೋಗಾಲಯದ ಯಂತ್ರಕ್ಕೆ ಅಪ್ಪ ಬಳಸುತ್ತಿದ್ದ ಕೀಲಿ ಅದು, ಕಂಡರೆ ಅವಳಿಗೆ ಮೊದಲಿನಿಂದಲೂ ಆಗದು. ಅಪ್ಪನಿಗೆ ತಾನು ಹೆಚ್ಚೋ ಆ ಯಂತ್ರ ಹೆಚ್ಚೋ ಎಂದು ಒಂದು ದಿನ ಕೇಳಿಯೇಬಿಡಬೇಕೆಂದು ಅಂದುಕೊಂಡು ಅಂದುಕೊಂಡೇ ಅವಳ ತಲೆಗೂದಲು ನರೆಯತೊಡಗಿತ್ತು. ಇನ್ನು ಕೇಳೋಣವೆಂದರೆ ಅಪ್ಪನೇ ಇಲ್ಲ.

*

ಸೂರ್ಯನ ಒಡಲಲ್ಲಿ ನಡೆಯುವುದನ್ನು ಉಕ್ಕಿನದೊಂದು ಉಂಗುರದೊಳಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ನಡೆಸಿ ನೋಡುವ ಪ್ರಯೋಗಾಲಯ ಅದು. ಅಪ್ಪ ಅಲ್ಲಿ ಸುರಕ್ಷತಾ ವ್ಯವಸ್ಥೆಯ ಎಂಜಿನಿಯರ್. “ಉಳಿದೋರೆಲ್ಲ ಸೂರ್ಯನ್ನ ಮಾಡ್ತಾರೆ, ನಾನು ಬಾಗಿಲು ಹಾಕ್ತೀನಿ” ಎಂದು ತಾನೇ ನಗುತ್ತಿದ್ದ. ಹಾಗಾಗಿ ಎಲ್ಲರಿಗೂ ಅವನು ಬಾಗಿಲಪ್ಪನಾದ.

ಯಂತ್ರದ ಹಜಾರದ ಬಾಗಿಲ ಪಕ್ಕದಲ್ಲಿ ಅವನು ಕೂಡಿಸಿದ ಕೀಲಿಗಳ ಹಲಗೆಯಿತ್ತು. ಒಳಗೆ ಹೋಗುವವರು ಒಂದೊಂದು ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡೇ ಹೋಗಬೇಕು, ಹೊರಗೆ ಬಂದು ಮತ್ತೆ ತೂರಿಸಿ ತಿರುಗಿಸಬೇಕು. ಒಂದು ಕೀಲಿ ಕಡಿಮೆಯಿದ್ದರೂ ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿರುತ್ತದೆ. ಯಂತ್ರ ಜಪ್ಪಯ್ಯ ಅಂದರೂ ಹೊರಡುವುದಿಲ್ಲ. ದೀಪದ ಕೆಳಗೆ ‘ಒಳಗೆ ಜನರಿದ್ದಾರೆ’ ಎಂಬ ಫಲಕ. ಎಲ್ಲ ಕೀಲಿ ಬಂದ ಮೇಲೂ ಅಪ್ಪ ಒಮ್ಮೆ ಹಜಾರ ಸುತ್ತುತ್ತಿದ್ದ. ಪಂಪುಗಳ ಸಂದಿಯಲ್ಲಿ, ಏಣಿಯ ಕೆಳಗೆ ಬಗ್ಗಿ ನೋಡಿ, “ಯಾರಾದ್ರೂ ಒಳಗಿದ್ದೀರಾ?” ಎಂದು ಕೂಗುತ್ತಿದ್ದ. ಕಿವಿಗೊಟ್ಟು ನಿಲ್ಲುತ್ತಿದ್ದ. ಕಂಟ್ರೋಲ್ ರೂಮಿನಿಂದ ಮಾವ “ಯಾರೂ ಇಲ್ಲ, ಹಾಕು” ಎಂದ ಮೇಲೆಯೇ ಬಾಗಿಲು.

ಈ ಚಾಳಿ ಮನೆಗೂ ಬಂತು. ಎಲ್ಲಿಗೇ ಹೊರಡಲಿ, ಬೀಗ ಹಾಕುವ ಮೊದಲು ಅಪ್ಪ ಕೋಣೆ ಕೋಣೆಗೂ ಹೋಗಿ ಕೂಗುವವನೇ. ಬೀದಿಯಲ್ಲಿ ಚೀಲ ಹಿಡಿದು ನಿಂತ ಅಮ್ಮ, “ಇರೋದೇ ಮೂರು ಜನ ಕಣ್ರೀ! ನಾವಿಬ್ರು ಇಲ್ಲಿದ್ದೀವಿ, ನಿಮ್ಮನ್ನ ನೀವೇ ಹುಡುಕ್ತಿದ್ದೀರಾ?” ಎಂದು ರೇಗಿಸುತ್ತಿದ್ದಳು.

ಚಿಕ್ಕಂದಿನಲ್ಲಿ ಒಮ್ಮೆ ಶಾಲೆಯ ನಾಟಕದಲ್ಲಿ ಅವಳು ಮರ. ಮಾತಿಲ್ಲ, ಹಾಡಿಲ್ಲ, ಕೈ ಚಾಚಿಕೊಂಡು ಹಿಂದೆ ನಿಲ್ಲುವುದಷ್ಟೇ ಕೆಲಸ. ಅಪ್ಪ ಬರುತ್ತೇನೆ ಎಂದಿದ್ದ, ಏದುಸಿರು ಬಿಡುತ್ತ ಬಂದೂ ಬಂದ. ಮುಂದಿನ ಸಾಲಿನಲ್ಲಿ ಕೂತು ಇಷ್ಟಗಲ ನಕ್ಕ. ಅರ್ಧ ನಾಟಕದಲ್ಲಿ, ಕರವಸ್ತ್ರಕ್ಕೋ ಏನೋ, ಜೇಬಿಗೆ ಕೈಹಾಕಿದ. ತಟ್ಟನೆ ಎದ್ದು ಬಾಗಿಲ ಕಡೆ ಓಡಿದ. ಮರ ಹೇಗೆ ಕೂಗೀತು? ಕೆನ್ನೆಗೆ ಬಳಿದ ಬಣ್ಣ ಕಣ್ಣೀರಲ್ಲಿ ಕಲಸಿಹೋದರೂ ಕೈ ಚಾಚಿಕೊಂಡೇ ನಿಂತಿದ್ದಳು.

ಮನೆಗೆ ಬಂದ ಅಪ್ಪ, “ಯಂತ್ರದ ಕೆಲಸ ಇತ್ತು ಪುಟ್ಟಿ” ಎಂದನೇ ಹೊರತು ಬೇರೇನೂ ಹೇಳಲಿಲ್ಲ. ಅಂದಿನಿಂದ ಅವಳು ಅವನನ್ನು ಯಾವುದಕ್ಕೂ ಬಾಯಿಬಿಟ್ಟು ಕರೆಯಲಿಲ್ಲ. ಬಂದರೆ ಬಂದ, ಇಲ್ಲದಿದ್ದರೆ ಇಲ್ಲ ಎಂದುಕೊಂಡೇ ದೊಡ್ಡವಳಾದಳು.

*

“ಇವತ್ತೂ ಯಂತ್ರ ಓಡಿಸೋದಿತ್ತು,” ಮಾವ ಬೆಂಚಿನ ಮೇಲೆ ಅವಳ ಪಕ್ಕ ಕೂತು ಹೇಳಿದ. “ಬಾಗಿಲಪ್ಪ ಇಲ್ಲಿ ಮಲಗಿರುವಾಗ ನಮಗೆ ಎಂಥ ಸೂರ್ಯ? ಅವನು ನಿವೃತ್ತನಾದ್ಮೇಲೆ ಈ ಕೆಂಪು ಬಿಲ್ಲೆ ಕೀನ ಯಾರೂ ಮುಟ್ಟಿರ್ಲಿಲ್ಲ. ನಾನು ಕಿತ್ಕೊಂಡು ಬಂದು ಅವನ ಜೇಬಿಗೇ ಹಾಕ್ದೆ. ಇನ್ನು ಯಾರಪ್ಪನ ಕೈಲೂ ಅದನ್ನ ಹೊರಡಿಸೋಕಾಗಲ್ಲ.”

ಎದುರು ಕೂತಿದ್ದ ಪ್ರಯೋಗಾಲಯದ ನಿರ್ದೇಶಕಿ ಮೂಗೊರೆಸಿಕೊಂಡು, “ನಾನು ಏನೂ ನೋಡಿಲ್ಲಪ್ಪ” ಎಂದರು.

“ಕೀ ಹೊರಗೆ ತಗೊಂಡು ಹೋಗ್ಬಾರ್ದು ಅಂತ ಅಪ್ಪ ಎಲ್ಲರ ಮೇಲೂ ಹಾರಾಡ್ತಿದ್ರಲ್ಲ,” ಎಂದಳು ಮಗಳು. ದನಿ ತುಸು ಕಹಿಯಾಗಿಯೇ ಬಂತು.

“ಹಾರಾಡದೆ! ನಾನು ಕೆಲಸಕ್ಕೆ ಸೇರಿದಾಗ ಮೊದಲನೇ ಪಾಠಾನೇ ಅದು,” ನಿರ್ದೇಶಕಿ ನೆನಪಿಗೆ ನಕ್ಕರು. “‘ಒಬ್ಬ ಪೆದ್ದ ಇದ್ದ, ಕೀ ಜೇಬಲ್ಲಿಟ್ಕೊಂಡು ನಾಟಕ ನೋಡೋಕೆ ಹೋದ’ ಅಂತ ಶುರು ಮಾಡೋರು. ಆ ಪೆದ್ದ ಯಾರು ಅಂತ ಮಾತ್ರ ಹೇಳ್ತಿರ್ಲಿಲ್ಲ.”

“ಯಾವ ನಾಟಕ?”

ಮಾವ ಅವಳ ಮುಖ ನೋಡಿದ. “ನಿಂಗೆ ಹೇಳೇ ಇಲ್ವಾ ಅವನು? ಮಗಳು ಮರ ಆಗ್ತಾಳೆ, ಮಗಳು ಮರ ಆಗ್ತಾಳೆ ಅಂತ ಬೆಳಿಗ್ಗೆಯಿಂದ ನಮ್ಮ ತಲೆ ತಿಂದಿದ್ದ. ಮರಕ್ಕೆ ಮಾತೇ ಇರಲ್ವಲ್ಲೋ ಅಂದ್ರೆ, ಮಾತಿಲ್ಲದೋರನ್ನೇ ಸರಿಯಾಗಿ ನೋಡ್ಬೇಕು ಅಂದ. ಹೊತ್ತಾಯ್ತು ಅಂತ ಓಡಿದ ನೋಡು, ಕೀ ಜೇಬಲ್ಲೇ! ಅವತ್ತು ಎಲ್ಲೆಲ್ಲಿಂದಲೋ ದೊಡ್ಡೋರು ಬಂದು ಕೂತಿದ್ರು. ಒಂದು ಕೀ ಕಡಿಮೆ. ಯಾರೋ ಒಳಗೆ ಸಿಕ್ಕಿಹಾಕ್ಕೊಂಡಿದ್ದಾರೆ ಅಂತ ನಾವು ಜೀವ ಕೈಲಿ ಹಿಡ್ಕೊಂಡು ಹಜಾರ ಜಾಲಾಡ್ತಿದ್ವಿ. ಓಡಿ ಬಂದ, ಎಲ್ಲರೆದುರು ಕೀ ತೋರಿಸಿ ತಲೆ ತಗ್ಗಿಸಿ ನಿಂತ. ಬೈಸಿಕೊಂಡಿದ್ದಕ್ಕೆ ಲೆಕ್ಕ ಇಲ್ಲ. ಅವನ ಸರ್ವೀಸಲ್ಲಿ ಅದೊಂದೇ ತಪ್ಪು ಕಣೇ. ಯಂತ್ರಾನ ಮರೆತಿದ್ದು ಅದೊಂದೇ ದಿನ.”

ಅವಳು ಮುಷ್ಟಿ ಬಿಚ್ಚಿ ಕೀಲಿಯನ್ನು ನೋಡಿದಳು.

“ಹೊರಗೆ ಬಂದ್ಮೇಲೆ ನಾಟಕ ಹೇಗಿತ್ತೋ ಅಂದೆ. ‘ನಾನು ಎದ್ದು ಬಂದೆ, ಆದ್ರೂ ಮರ ಒಂಚೂರೂ ಅಲ್ಲಾಡ್ಲಿಲ್ಲ’ ಅಂದು ಅತ್ತುಬಿಟ್ಟ.”

“ಅಮ್ಮ, ನಿಂಗೆ ಗೊತ್ತಿತ್ತಾ?”

ಅಮ್ಮ ಉಂಗುರವನ್ನು ಅಂಗೈಯಲ್ಲಿ ಹೊರಳಿಸುತ್ತಿದ್ದಳು. “ಹೇಳ್ರೀ ಅಂದೆ. ‘ನನ್ನ ದೆಸೆಯಿಂದ ಅಪ್ಪ ಬೈಸಿಕೊಂಡ ಅಂತ ಮಗು ಕೊರಗುತ್ತೆ, ಕೋಪ ಇದ್ರೆ ಇರ್ಲಿ ಬಿಡು’ ಅಂದ್ರು.”

ಮಗಳು ಕೀಲಿಯನ್ನು ಎದೆಗೆ ಒತ್ತಿಕೊಂಡು ಗಟ್ಟಿಯಾಗಿ ಅತ್ತಳು. ಇಷ್ಟು ವರ್ಷ ಎಷ್ಟು ಸುಲಭವಾಗಿ ಕರೆಯಬಹುದಾಗಿತ್ತು, ಅಪ್ಪ ಎಷ್ಟು ಸಂತೋಷದಿಂದ ಓಡಿ ಬರುತ್ತಿದ್ದ!

*

“ಬಾಗಿಲು ಹಾಕ್ಲಾ?” ಎಂದ ಚಿತಾಗಾರದವನು.

“ಒಂದು ನಿಮಿಷ,” ಎಂದಳು ಮಗಳು. ಮುಂದೆ ಹೋಗಿ ಬಗ್ಗಿ, ಒಳಗೆ ಇಣುಕಿ, ದನಿ ಎತ್ತಿ ಕೂಗಿದಳು. “ಯಾರಾದ್ರೂ ಒಳಗಿದ್ದೀರಾ?”

ಕಿವಿಗೊಟ್ಟು ನಿಂತಳು. ಆಮೇಲೆ ಮಾವನ ಕಡೆ ತಿರುಗಿದಳು. ಜನ್ಮವೆಲ್ಲ ಆ ಕೂಗಿಗೆ ಉತ್ತರ ಕೊಟ್ಟಿದ್ದ ಮಾವ ಮುಖ ಮುಚ್ಚಿಕೊಂಡ. ಅಮ್ಮನೇ ನಿಧಾನವಾಗಿ, “ಹಾಕಪ್ಪ” ಎಂದಳು.

ಸಂಜೆ ಅವಳು ಕೀಲಿ ಹಿಂತಿರುಗಿಸಲು ಮಾವನ ಜೊತೆ ಪ್ರಯೋಗಾಲಯಕ್ಕೆ ಹೋದಳು. ಕಂಟ್ರೋಲ್ ರೂಮಿನಲ್ಲಿ ಎಲ್ಲರೂ ಕೈಕಟ್ಟಿ ಕೂತಿದ್ದರು. ಇಬ್ಬರೂ ಅವರನ್ನು ದಾಟಿ ಹಜಾರದ ಬಾಗಿಲಿಗೆ ನಡೆದರು. ಹಲಗೆಯಲ್ಲಿ ಒಂದೇ ಒಂದು ತೂತು ಖಾಲಿಯಿತ್ತು. ಕೀಲಿಯನ್ನು ಅದರ ಹತ್ತಿರ ಒಯ್ದು ಅವಳು ಕೈ ತಡೆದಳು.

“ಅವಸರ ಇದ್ಯಾ ಮಾವ?”

“ಅವಸರ ಮಾಡ್ಕೊಂಡೋನ ಕತೆ ಇವತ್ತು ತಾನೆ ಕೇಳಿದ್ಯಲ್ಲ.”

ಅವಳು ಕೀಲಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡು ಎದುರಿನ ಬೆಂಚಿನ ಮೇಲೆ ಕೂತಳು. ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಅದರ ಕೆಳಗೆ ಫಲಕ: ಒಳಗೆ ಜನರಿದ್ದಾರೆ.