ಮೂರನೇ ಸೀಟಿ

ನಾನು ಐದು ಲೀಟರಿನ ಅಲ್ಯೂಮಿನಿಯಂ ಕುಕ್ಕರ್. ಕಾರ್ಖಾನೆಯಲ್ಲಿ ದುಂಡನೆಯ ತಗಡೊಂದನ್ನು ಯಂತ್ರ ಒತ್ತಿ ನನಗೆ ಹೊಟ್ಟೆ ಕೊಟ್ಟಿತು. ಮುಚ್ಚಳ, ಹಿಡಿಕೆ, ರಬ್ಬರು ಆಮೇಲೆ ಬಂದವು. ದನಿ ಮಾತ್ರ ಬಂದದ್ದು ಹುಬ್ಬಳ್ಳಿಯಲ್ಲಿ, ಗಿರಿಜವ್ವನ ಒಲೆಯ ಮೇಲೆ. ನನ್ನ ಮೊದಲ ಸೀಟಿಗೆ ಆಕೆ ಬೆಚ್ಚಿ ಅಂಗಳಕ್ಕೆ ಓಡಿದ್ದಳು.

ಹನ್ನೊಂದು ವರ್ಷ ಆಕೆಯ ಕೈಯಲ್ಲಿದ್ದೆ. ಸೊಸೆ ಕಸ್ತೂರಿ ಬಂದ ಮೇಲೆ ಅವಳ ಕೈಗೆ ಬಂದೆ. ಕಸ್ತೂರಿ ಅಂಗನವಾಡಿ ಶಿಕ್ಷಕಿ. ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಡಬೇಕು. ಅವಳ ಗಡಿಯಾರ ನಾನೇ ಆಗಿದ್ದೆ. ಸ್ನಾನಕ್ಕೆ ಹೋದರೂ ಜಡೆ ಹೆಣೆದರೂ ಅವಳ ಕಿವಿ ನನ್ನ ಕಡೆಗಿರುತ್ತಿತ್ತು. ಆ ಕಿವಿ ನನ್ನೊಬ್ಬನದೇ ಎಂದುಕೊಂಡಿದ್ದೆ.

ಅವಳ ಗಂಡ ಲಾರಿ ಚಾಲಕ, ತಿಂಗಳಿಗೆ ನಾಲ್ಕೈದು ದಿನ ಮಾತ್ರ ಮನೆಯಲ್ಲಿರುವವನು. ಒಮ್ಮೆ ಊರಿಗೆ ಬಂದಾಗ ಲಾರಿಯಿಂದ ಕೆಂಚು ಬಣ್ಣದ ನಾಯಿಮರಿಯೊಂದನ್ನು ಇಳಿಸಿದ. ಕೆಂಚ್ಯಾ ಎಂದು ಹೆಸರಿಟ್ಟರು. ವರ್ಷ ತುಂಬುವುದರೊಳಗೆ ಅದು ಕರುವಿನಂತೆ ಬೆಳೆಯಿತು. ಗೇಟು ತೆರೆದರೆ ಹಾರುತ್ತಿತ್ತು, ತಾಟು ಕಂಡರೆ ಎಗರುತ್ತಿತ್ತು. ಒಂದು ಬೆಳಿಗ್ಗೆ ಮನೆ ಮಾಲೀಕ ಮಹಾಂತೇಶನ ತಂದೆ ಹಾಲು ತರುತ್ತಿದ್ದಾಗ ಅವರನ್ನು ಕೆಡವಿತು. ಮುದುಕರ ಮೊಣಕಾಲು ತರಚಿತು.

ಮಹಾಂತೇಶ ಬಾಗಿಲಲ್ಲೇ ನಿಂತು ಹೇಳಿದ: "ಅಕ್ಕಾರ, ಒಂದ ತಿಂಗಳ ನೋಡ್ತೀನಿ. ಆಮ್ಯಾಲ ನಾಯಿನರ ಬಿಡ್ರಿ, ಮನಿನರ ಬಿಡ್ರಿ."

"ಕಲಸ್ತೀನ್ರಿ ಅಣ್ಣಾರ," ಎಂದಳು ಕಸ್ತೂರಿ.

"ಯಾವಾಗ ಕಲಸ್ತೀಯವಾ?" ಗಿರಿಜವ್ವ ಒಳಗಿನಿಂದ ಕೂಗಿದಳು. "ನಿನಗ ತಲಿ ಬಾಚಾಕ ಪುರಸೊತ್ತಿಲ್ಲ!"

"ಕೆಲಸದಾಗ ಕಲಸ್ತೀನ್ರಿ ಅತ್ತಿ. ಅಂಗನವಾಡಿ ಹುಡುಗರಿಗೆ ಕೈ ತೊಳ್ಸಕೋತನ ಒಂದು ಎರಡು ಕಲಸೂದಿಲ್ಲೇನು?"

ಹಾಗೆಯೇ ಮಾಡಿದಳು. ಗೇಟಿನ ಚಿಲಕಕ್ಕೆ ಕೈ ಹಾಕಿದಾಗ "ಕುಂದ್ರು" ಎನ್ನುವಳು. ಅದು ಕೂತ ಮೇಲಷ್ಟೇ ಚಿಲಕ ಸರಿಯುತ್ತಿತ್ತು. ಬಟ್ಟೆ ಒಣಹಾಕಲು ಹೋಗುವಾಗ ತನ್ನ ಎಡಗಾಲಿನ ಪಕ್ಕ ನಡೆಸಿಕೊಂಡು ಹೋಗುವಳು. ಅಡುಗೆಮನೆಯ ಪಾಠಕ್ಕೆ ನನ್ನನ್ನು ಹಿಡಿದಳು. ಕೆಂಚ್ಯಾ ಬಾಗಿಲ ಬಳಿಯ ಗೋಣಿಚೀಲದ ಮೇಲೆ ಕೂರಬೇಕು, ನಾನು ಸೀಟಿ ಹೊಡೆದು ಅವಳು "ಬಾ" ಎಂದ ಮೇಲೆಯೇ ಏಳಬೇಕು. ಮೊದಲು ಒಂದು ಸೀಟಿ, ಮುಂದಿನ ವಾರ ಎರಡು, ಆಮೇಲೆ ಮೂರು.

ಶುರುವಿನಲ್ಲಿ ಒಂದು ಎಡವಟ್ಟಾಯಿತು. ಸಾಲುಮನೆಗಳು, ಎಂಟು ಗಂಟೆಗೆ ಆರೂ ಮನೆಯ ಕುಕ್ಕರ್‌ಗಳು ಕೂಗುತ್ತವೆ. ಪಕ್ಕದ ಮನೆಯದು ಕೂಗಿದರೂ ಕೆಂಚ್ಯಾ ಜಿಗಿಯುತ್ತಿತ್ತು. ಎರಡನೇ ವಾರಕ್ಕೆ ನನ್ನ ದನಿಯನ್ನು ಬೇರೆಯಾಗಿ ಗುರುತಿಸತೊಡಗಿತು. ಉಳಿದವು ಕೂಗಿದರೆ ಕಿವಿ ಅಲುಗಾಡಿಸಿ ಸುಮ್ಮನಾಗುತ್ತಿತ್ತು.

ಕಸ್ತೂರಿ ಅದರ ಕತ್ತು ಉಜ್ಜಿ, "ಏ ಶಾಣ್ಯಾ! ನನ್ನ ಶಾಣ್ಯಾ!" ಎಂದಳು.

ಹತ್ತೊಂಬತ್ತು ವರ್ಷ ಅನ್ನ ಬೇಯಿಸಿದ್ದೇನೆ. ಒಬ್ಬರೂ ನನ್ನನ್ನು ಶಾಣ್ಯಾ ಎಂದಿಲ್ಲ. ಕೂಗುವವನು ನಾನು, ಬೇಯುವವನು ನಾನು. ಸುಮ್ಮನೆ ಕೂತದ್ದಕ್ಕೆ ಬೆಲ್ಲದ ಚೂರು ಅದಕ್ಕೆ. ಅವಳ ಕಣ್ಣು ಈಗ ಗೋಣಿಚೀಲದ ಮೇಲೆಯೇ ಇರುತ್ತಿತ್ತು. ನನ್ನ ರಬ್ಬರು ಸಡಿಲವಾಗಿ ಅಂಚಿನಿಂದ ಹಬೆ ಸೋರುತ್ತಿದ್ದುದನ್ನೂ ಅವಳು ಕಾಣಲಿಲ್ಲ.

ತಿಂಗಳು ತುಂಬಿದ ಭಾನುವಾರ ಮಹಾಂತೇಶ ಪರೀಕ್ಷೆಗೆ ಬಂದು ಕುರ್ಚಿ ಎಳೆದುಕೊಂಡ. "ಮೂರನೇ ಸೀಟಿತನಕಾ ಅಳ್ಳಾಡದ ಕುಂತ್ರ ಇರಲಿ. ಎದ್ರ ಇವತ್ತ ಹೊರಗ."

ಮೊದಲ ಸೀಟಿ ಕೊಟ್ಟೆ. ಎರಡನೆಯದನ್ನೂ ಕೊಟ್ಟೆ. ಆಮೇಲೆ ರಬ್ಬರು ಪೂರ್ತಿ ಕೈಬಿಟ್ಟಿತು. ಹಬೆಯೆಲ್ಲ ಅಂಚಿನಿಂದ ಹೋಯಿತು. ಬೇಕೆಂದು ಮಾಡಿದ್ದಲ್ಲ. ಆದರೆ ನನಗೆ ಖುಷಿಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಇನ್ನೆಷ್ಟು ಹೊತ್ತು ಕೂತೀತು? ಏಳಲಿ, ಗೇಟಿನಾಚೆ ಹೋಗಲಿ, ಕಸ್ತೂರಿಯ ಕಿವಿ ನನಗೆ ಮರಳಲಿ ಎಂದು ಕಾದೆ.

ಐದು ನಿಮಿಷವಾಯಿತು. ಪಕ್ಕದ ಕುಕ್ಕರ್ ಕೂಗಿತು. ಕೆಂಚ್ಯಾನ ಬಾಯಿಂದ ಜೊಲ್ಲು ಚೀಲಕ್ಕೆ ಇಳಿಯಿತು. ಮೈ ನಡುಗಿತು, ಏಳಲಿಲ್ಲ. ನನ್ನ ತಳದಲ್ಲಿ ನೀರು ಬತ್ತಿತು. ಸೀದ ವಾಸನೆ ಎದ್ದಿತು. ಕಸ್ತೂರಿಯ ಕೈ ಒಲೆಯ ಗುಂಡಿಯವರೆಗೆ ಬಂದು ನಿಂತಿತು.

"ಅನ್ನ ಸೀದ್ರ ಸೀಯ್ಲಿ, ನೀ ಆರಸಬ್ಯಾಡ!" ಎಂದಳು ಗಿರಿಜವ್ವ.

ಹತ್ತು ನಿಮಿಷ. ಮಹಾಂತೇಶ ಮೂಗು ಮುಚ್ಚಿಕೊಂಡು ಎದ್ದ. "ಸಾಕ್ರಿ ಅಕ್ಕಾರ, ಒಲಿ ಆರಸ್ರಿ! ನಮ್ಮ ಹುಡುಗರೂ ಹಿಂಗ ಕುಂದ್ರಂಗಿಲ್ಲ. ಇರಲಿ ಬಿಡ್ರಿ ನಾಯಿ."

"ಬಾ!" ಎಂದಳು ಕಸ್ತೂರಿ. ನೆಲಕ್ಕೆ ಕೂತು ಕೈ ಚಾಚಿದಳು. ಕೆಂಚ್ಯಾ ಅವಳ ಮಡಿಲಿಗೆ ನುಗ್ಗಿತು. ನಾನು ಸರಿಯಾಗಿ ಕೂಗಿದ್ದರೆ ಅದು ನಾಲ್ಕು ನಿಮಿಷ ಕೂತ ನಾಯಿಯಷ್ಟೇ ಆಗಿರುತ್ತಿತ್ತು.

ನನ್ನ ತಳ ಕಪ್ಪಾಗಿ ಉಬ್ಬಿತ್ತು. ಆ ವಾರವೇ ಸ್ಟೀಲಿನ ಹೊಸ ಕುಕ್ಕರ್ ಬಂತು. ಮುಚ್ಚಳ ಗುಜರಿಗೆ ಹೋಯಿತು. ನನ್ನನ್ನು ಗೇಟಿನ ಬಳಿ ಇಟ್ಟು ನೀರು ತುಂಬಿದರು, ಕೆಂಚ್ಯಾನಿಗೆ ಕುಡಿಯಲು.

ಮೊದಮೊದಲು ಅದರ ನಾಲಿಗೆ ತಗುಲಿದರೆ ಮೈ ಉರಿಯುತ್ತಿತ್ತು. ಈಗ ಮಧ್ಯಾಹ್ನದ ಬಿಸಿಲಿಗೆ ಅದು ನನ್ನ ಅಂಚಿಗೆ ಗದ್ದವೂರಿ ಮಲಗುತ್ತದೆ. ಇಷ್ಟು ಹತ್ತಿರ ನನ್ನ ಬಳಿ ಯಾರೂ ಕೂತಿರಲಿಲ್ಲ. ಬೀದಿಯ ಬೇರೆ ನಾಯಿ ನನ್ನಲ್ಲಿ ಬಾಯಿ ಹಾಕಿದರೆ ನನಗೆ ಆಗುವುದಿಲ್ಲ.

ಬೆಳಿಗ್ಗೆ ಎಂಟಕ್ಕೆ ಕೆಂಚ್ಯಾ ನೀರು ಕುಡಿಯುತ್ತಿರುವಾಗ ಒಳಗೆ ಆ ಸ್ಟೀಲಿನವನು ಕೂಗುತ್ತಾನೆ. ಕೆಂಚ್ಯಾ ತಟ್ಟನೆ ತಲೆ ಎತ್ತಿ, ಹನಿ ಉದುರಿಸುತ್ತ ಅವನ ಕಡೆಗೆ ಓಡುತ್ತದೆ. ಅರ್ಧ ಕುಡಿದ ನೀರು ನನ್ನಲ್ಲಿ ಇನ್ನೂ ಅಲುಗುತ್ತಿರುತ್ತದೆ.