ಮಣ್ಣಿನ ಸುದ್ದಿ ಯಾರಿಗೆ

ನಮ್ಮ ಸಮಾಜದ ಸಂಘಕ್ಕೆ ಜಹೀರಾಬಾದಿನಲ್ಲಿ ಒಂದು ಆಫೀಸಿದೆ. ಹೆದ್ದಾರಿಯ ಪಕ್ಕ, ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯ ಮೇಲೆ. ಕೆಳಗಿನ ಅಂಗಡಿ ಅಧ್ಯಕ್ಷ ಮಾಣಿಕಪ್ಪನವರದು. ಮೇಲಿನ ಸಂಘವೂ ತಮ್ಮದೇ ಎಂದು ಅವರು ಹದಿನಾರು ವರ್ಷಗಳಿಂದ ನಂಬಿಕೊಂಡಿದ್ದಾರೆ. ಸಂಘದ ಮುಖ್ಯ ಕೆಲಸ ಒಂದೇ: ಸಮಾಜದಲ್ಲಿ ಯಾರಾದರೂ ತೀರಿಕೊಂಡರೆ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಮೂರೂ ಊರಿನ ಮನೆಗಳಿಗೆ ಸುದ್ದಿ ಮುಟ್ಟಿಸಿ ಮಣ್ಣಿಗೆ ಜನ ಸೇರಿಸುವುದು. ಹೆಣದ ಗಾಡಿ, ಶಾಮಿಯಾನ, ದೊಡ್ಡ ಪಾತ್ರೆಗಳು ಎಲ್ಲ ಸಂಘದವೇ. ಆಫೀಸಿನ ಗೋಡೆಯ ತುಂಬ ಮಾಣಿಕಪ್ಪನವರಿಗೆ ಯಾರು ಯಾರೋ ಶಾಲು ಹೊದಿಸುತ್ತಿರುವ ಫೋಟೊಗಳು. ಅಷ್ಟು ಜನರನ್ನು ಮಣ್ಣು ಮಾಡಿದ ಸಂಘದಲ್ಲಿ ಸತ್ತವರದು ಒಂದು ಫೋಟೊ ಇಲ್ಲ.

ಹೋದ ವರ್ಷ ನಾನು ಡಿಗ್ರಿ ಕೊನೆಯ ವರ್ಷದಲ್ಲಿದ್ದೆ. ಯಾವುದಾದರೂ ಸಂಘಕ್ಕೆ ಆನ್‌ಲೈನ್ ವ್ಯವಹಾರ ಕಲಿಸಿ, ಅದರ ಅಧ್ಯಕ್ಷರಿಂದ ಸಹಿ ಮಾಡಿದ ಪತ್ರ ತನ್ನಿ, ನಲವತ್ತು ಅಂಕ ಎಂದರು ಕಾಲೇಜಿನವರು. ನಮ್ಮ ತಂಡದಲ್ಲಿ ನಾಲ್ಕು ಜನ. ಇಬ್ಬರು ಫೋಟೊ ತೆಗೆಯುವ ದಿನ ಮಾತ್ರ ಬಂದರು. ಅವರ ಬಗ್ಗೆ ಹೇಳುವುದು ಏನೂ ಇಲ್ಲ. ಮೂರನೆಯವನು ಲಿಂಗರಾಜ. ಮೊಬೈಲಿನಲ್ಲಿ ಅವನಿಗೆ ಬಾರದ ವಿದ್ಯೆಯಿಲ್ಲ, ದೊಡ್ಡವರ ಮುಂದೆ ಮಾತ್ರ "ಹೂಂ ಸರ್" ಬಿಟ್ಟು ಬೇರೆ ಮಾತು ಹೊರಡುತ್ತಿರಲಿಲ್ಲ. ನಾಲ್ಕನೆಯವಳು ನಾನು, ಮಾಧುರಿ.

ನಮ್ಮ ಸಮಾಜದ ಸಂಘಕ್ಕೇ ಹೋಗೋಣ ಎಂದವಳು ನಾನೇ. ಅದಕ್ಕೆ ಕಾರಣ ಜಗದೇವಿ ಅತ್ತಿ, ಅಪ್ಪನ ತಂಗಿ. ಒಂಬತ್ತು ವರ್ಷಗಳ ಹಿಂದೆ ಆಕೆ ಧಮ್ಮಪಾಲ ಎಂಬವನನ್ನು ಮದುವೆಯಾಗಿ ತಾಂಡೂರಿಗೆ ಹೋದಳು. ಆತ ಬೌದ್ಧರ ಮನೆಯವನು, ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಜಾತಿ ಬಿಟ್ಟು ಹೋದಳೆಂದು ಸಂಘದವರು ಸದಸ್ಯರ ಪುಸ್ತಕದಲ್ಲಿ ಆಕೆಯ ಹೆಸರಿನ ಮೇಲೆ ಗೀಟು ಎಳೆದರು. ನನ್ನ ಮುತ್ಯಾ, ಅಂದರೆ ಆಕೆಯ ಅಪ್ಪ, ಸತ್ತಾಗ ಆಕೆಗೆ ಸುದ್ದಿ ಹೋಗಲಿಲ್ಲ. ನಾಲ್ಕನೇ ದಿನ ತಾಂಡೂರಿನ ಸಂತೆಯಲ್ಲಿ ನಮ್ಮೂರಿನ ಯಾರೋ ಸಿಕ್ಕು, "ನಿಮ್ಮಪ್ಪ ಹೋಗಿದ್ದು ಭಾಳ ಕೆಟ್ಟಾತು ನೋಡವಾ" ಎಂದರಂತೆ. ಮರುದಿನ ಬಂದು, ಮನೆಯೊಳಗೆ ಕಾಲಿಡದೆ, ಹಸಿ ಮಣ್ಣಿನ ದಿಬ್ಬವನ್ನು ನೋಡಿಕೊಂಡು ಹೋದಳು. "ಸುದ್ದಿ ಹೇಳೋದು ಸಂಘದ ಕೆಲಸ. ಅವ್ರು ಹೇಳ್ಲಿಲ್ಲಂದ್ರ ನಾ ಏನ್ ಮಾಡ್ಲಿ?" ಎಂದ ನಮ್ಮಪ್ಪ ಶಿವರಾಯ. ತಂಗಿಯ ನಂಬರ್ ಅವನ ಮೊಬೈಲಿನಲ್ಲೇ ಇತ್ತು. ಅಪ್ಪ ಕೆಟ್ಟವನಲ್ಲ. ಕೆಟ್ಟವನಾಗುವುದಕ್ಕೂ ಸ್ವಲ್ಪ ಧೈರ್ಯ ಬೇಕು.

ಮಾಣಿಕಪ್ಪನವರಿಗೆ ನಮ್ಮ ಯೋಜನೆ ಕೇಳಿಯೇ ಹಿಗ್ಗು ಬಂತು. ವಾಟ್ಸಾಪ್ ಗ್ರೂಪ್ ಆಯಿತು. ಗ್ರೂಪಿನ ಚಿತ್ರ ಅವರದೇ. ಸಾವಿನ ಸುದ್ದಿಗೆ ಒಂದು ಮಾದರಿ ಮಾಡಿಕೊಟ್ಟೆವು, ಅದರಲ್ಲಿಯೂ ಕೈ ಮುಗಿದುಕೊಂಡು ನಿಂತ ಅವರ ಫೋಟೊ. "ಸತ್ತವ್ರ ಫೋಟೊ ಸಣ್ಣದಿರ್ಲಿ ಲಿಂಗರಾಜ, ಅವ್ರು ದಿನಾ ಬ್ಯಾರೆಬ್ಯಾರೆ ಇರ್ತಾರ. ಅಧ್ಯಕ್ಷ ಒಬ್ಬನೇ ಅಲ್ಲಾ?" ಎಂದರು. ಲಿಂಗರಾಜ "ಹೂಂ ಸರ್" ಎಂದು ಅವರ ಮುಖವನ್ನು ಮತ್ತಷ್ಟು ಹಿಗ್ಗಿಸಿದ.

ಮೊದಲ ಆನ್‌ಲೈನ್ ಸಭೆಯ ದಿನ ನಾರಾಯಣಖೇಡದವರು ಆರು ಜನ ಒಂದೇ ಮೊಬೈಲಿನ ಮುಂದೆ ಹೋಟೆಲಿನಲ್ಲಿ ಕೂತಿದ್ದರು. ತಾಂಡೂರಿನ ಒಬ್ಬರು ತಮ್ಮ ಮೂಗಿನ ಹೊಳ್ಳೆಗಳನ್ನಷ್ಟೇ ತೋರಿಸುತ್ತಿದ್ದರು. ಮಾಣಿಕಪ್ಪನವರು ಧ್ವನಿ ಬಂದ್ ಮಾಡಿಕೊಂಡೇ ಇಪ್ಪತ್ತು ನಿಮಿಷ ಭಾಷಣ ಮಾಡಿದರು. ಒಂದಕ್ಷರ ಕೇಳಿಸದಿದ್ದರೂ ಮೂರೂ ಊರಿನವರು ತಲೆಯಾಡಿಸಿದರು. ನಾನು ಹೋಗಿ ಗುಂಡಿ ಒತ್ತಿದ ಮೇಲೆ ಅವರು ಮತ್ತೆ ಮೊದಲಿನಿಂದ ಶುರು ಮಾಡಿದರು. ಆಗಲೂ ಅದೇ ತಲೆಗಳು ಅದೇ ಜಾಗದಲ್ಲಿ ಆಡಿದವು.

ಆಮೇಲೆ ಸದಸ್ಯರ ಪಟ್ಟಿ. ಹಳೆಯ ಪುಸ್ತಕದಲ್ಲಿದ್ದ ನಂಬರುಗಳಲ್ಲಿ ಅರ್ಧದಷ್ಟು ಸತ್ತವರವು. ಅದಕ್ಕೆ ಲಿಂಗರಾಜ ಮೊಬೈಲಿನಲ್ಲೇ ತುಂಬುವ ಒಂದು ಫಾರಂ ಮಾಡಿದ: ಹೆಸರು, ಊರು, ನಂಬರ್, ಯಾರ ಮನೆಯವರು. ಅದನ್ನು ಅವರು ಇವರಿಗೆ, ಇವರು ಅವರಿಗೆ ಕಳಿಸಿ ಎರಡು ವಾರದಲ್ಲಿ ಮುನ್ನೂರ ಹನ್ನೆರಡು ಜನ ತುಂಬಿದರು. ಲಿಂಗರಾಜ ಅಷ್ಟೂ ನಂಬರುಗಳನ್ನು ಗ್ರೂಪಿಗೆ ಸೇರಿಸಿದ. ಅತ್ತಿಗೆ ಫಾರಂ ಕಳಿಸಿದವಳು ನಾನು. "ಯಾರ ಮನೆಯವರು" ಎಂಬಲ್ಲಿ ಆಕೆ "ಶಾಂತಾಬಾಯಿ ಮಗಳು" ಎಂದು ತನ್ನ ತಾಯಿಯ ಹೆಸರು ಬರೆದಿದ್ದಳು. ಗೀಟು ಎಳೆಸಿಕೊಂಡ ಬೇರೆಯವರೂ ಹಾಗೆಯೇ ಬಂದು ಸೇರಿದರು. ಗಂಡ ಸತ್ತ ಮೇಲೆ ಮತ್ತೊಂದು ಮದುವೆಯಾದವಳು, ಬಾವಿಯ ಜಗಳದಲ್ಲಿ ಅಜ್ಜನ ಕಾಲಕ್ಕೇ ಹೊರಗಾದ ಮನೆಯವರು, ಹೀಗೆ. ಮಾಣಿಕಪ್ಪನವರು ಎಣಿಸಿದರೇ ಹೊರತು ಓದಲಿಲ್ಲ. ಮುನ್ನೂರ ಹನ್ನೆರಡು ಎಂದು ಆಫೀಸಿನ ಬೋರ್ಡಿನ ಮೇಲೆ ಬಣ್ಣದಲ್ಲಿ ಬರೆಸಿದರು.

ಆಗ ಆಯಿ, ಅಂದರೆ ಅತ್ತಿಯ ತಾಯಿ, ಹಾಸಿಗೆ ಹಿಡಿದಿದ್ದಳು. ಒಂದು ದಿನ ಅಪ್ಪ ಮನೆಯಲ್ಲಿಲ್ಲದಾಗ ನನ್ನನ್ನು ಕರೆದು ಕೇಳಿದಳು.

"ನಿಮ್ಮ ಮೊಬೈಲಿಂದು, ತಾಂಡೂರಿಗೂ ಹೋಗ್ತದಂತಲ್ಲ, ಖರೇನು?"

"ಹೋಗ್ತದ ಆಯಿ. ಅತ್ತಿ ಹೆಸ್ರೂ ಅದ ಅದ್ರಾಗ."

"ಯಾರಿಗೂ ಹೇಳಬ್ಯಾಡ ಮತ್ತ," ಎಂದು ಗೋಡೆಯ ಕಡೆ ಹೊರಳಿದಳು.

ಅದಾದ ಮೂರನೇ ವಾರ, ಬೆಳಿಗ್ಗೆ ಒಂಬತ್ತಕ್ಕೆ ಆಯಿ ಹೋದಳು. ಅಪ್ಪ ಸಂಘಕ್ಕೆ ಫೋನ್ ಮಾಡಿದ. ಹತ್ತೇ ನಿಮಿಷದಲ್ಲಿ ಲಿಂಗರಾಜನ ಮೆಸೇಜು ಮುನ್ನೂರ ಹನ್ನೆರಡು ಜನರಿಗೂ ಮುಟ್ಟಿತು. ಮಧ್ಯಾಹ್ನದ ಹೊತ್ತಿಗೆ ಅಂಗಳ ತುಂಬಿತ್ತು. ಆಯಿಯನ್ನು ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂಡಿಸಿದ್ದರು. ಮಾಣಿಕಪ್ಪನವರು ಬಾಗಿಲಲ್ಲಿ ನಿಂತು ಬಂದವರ ನಮಸ್ಕಾರ ತೆಗೆದುಕೊಳ್ಳುತ್ತಿದ್ದರು. ಒಂದೂವರೆಗೆ ಧಮ್ಮಪಾಲ ಮಾಮನ ಬೈಕು ಬಂದು ನಿಂತಿತು. ಜಗದೇವಿ ಅತ್ತಿ ಇಳಿದು ನೇರ ಬಾಗಿಲಿಗೆ ಬಂದಳು.

ಮಾಣಿಕಪ್ಪನವರು ಅಡ್ಡ ನಿಂತರು. "ಇಲ್ಲೇ ನಿಂದ್ರವಾ. ನಿನಗ ಯಾರ್ ಹೇಳ್ಯಾರ?"

ಅತ್ತಿ ಅಪ್ಪನನ್ನು ನೋಡಿದಳು. ಅಪ್ಪ ಅಗರಬತ್ತಿಯ ಬೂದಿ ನೋಡುತ್ತ ಕೂತ.

"ನಮ್ಮಣ್ಣ ಹೇಳಿಲ್ರಿ. ಅವ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ," ಎಂದು ಅತ್ತಿ ತನ್ನ ಮೊಬೈಲ್ ತೆಗೆದು ಅವರ ಮುಖದ ಮುಂದೆ ಹಿಡಿದಳು. ಅದರಲ್ಲಿ ಮಾಣಿಕಪ್ಪನವರು ಅಂಗೈ ಅಗಲಕ್ಕೆ ಕೈ ಮುಗಿದು ನಿಂತಿದ್ದರು. ಕೆಳಗೆ ಆಯಿಯ ಸಣ್ಣ ಫೋಟೊ. ಅದರ ಕೆಳಗೆ, "ಸಮಾಜ ಬಾಂಧವರೆಲ್ಲರೂ ತಪ್ಪದೆ ಬಂದು ಮಣ್ಣು ಕೊಡಬೇಕಾಗಿ ವಿನಂತಿ. ತಮ್ಮ ಸೇವಕ ಮಾಣಿಕಪ್ಪ, ಅಧ್ಯಕ್ಷರು."

"ನೀವಾ ಕರದೀರಿ. ನಮಸ್ಕಾರ ಮಾಡಿ ಕರದೀರಿ. ಬಂದೀನಿ. ಸರೀರಿ ಇನ್ನ."

ಹಿಂದೆ ಯಾರೋ ಕೆಮ್ಮಿದಂತೆ ನಕ್ಕರು. ಮಾಣಿಕಪ್ಪನವರು ಸರಿದರು. ಬೇರೆ ಏನು ಮಾಡಿಯಾರು? ತಮ್ಮದೇ ಫೋಟೊದ ಮಾತನ್ನು ತಾವೇ ಸುಳ್ಳು ಎನ್ನುವಂತಿರಲಿಲ್ಲ. ಅತ್ತಿ ಒಳಗೆ ಹೋಗಿ ತಾಯಿಯ ತಣ್ಣಗಿನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಮಣ್ಣಿಗೆ ಹೊರಡುವವರೆಗೂ ಕೂತಳು. ಧಮ್ಮಪಾಲ ಮಾಮ ಮಾತ್ರ ಹೊರಗೆ ಬೇವಿನ ಗಿಡದ ಕೆಳಗೇ ಉಳಿದ. ಅಷ್ಟು ಜನರಲ್ಲಿ ಆತನಿಗೆ ಒಂದು ಗ್ಲಾಸು ನೀರು ಬೇಕೇ ಎಂದು ಕೇಳಿದವರು ಯಾರೂ ಇಲ್ಲ. ಆ ಹೊತ್ತಿನಲ್ಲಿ ನನಗೂ ನೆನಪಾಗಲಿಲ್ಲ.

ಐದನೇ ದಿನ ಮಾಣಿಕಪ್ಪನವರು ನಮ್ಮನ್ನು ಆಫೀಸಿಗೆ ಕರೆಸಿದರು. ಹಳೆಯ ಪುಸ್ತಕವನ್ನು ಹೊರಗೆ ತೆಗೆದಿದ್ದರು.

"ಫಾರಂ ಅಂದ್ರ ಊರ ಅಗಸಿ ಬಾಗಿಲೇನು, ಯಾರ್ ಬೇಕಾದವ್ರು ಬರ್ಲಾಕ? ಇದ್ರಾಗ ಗೀಟ್ ಹೊಡದ ಹೆಸ್ರೆಲ್ಲ ಓದು ಮಾಧುರಿ. ಲಿಂಗರಾಜ, ನೀ ಗ್ರೂಪಿನಿಂದ ತೆಗಿ."

ಹತ್ತೊಂಬತ್ತು ಹೆಸರುಗಳಿದ್ದವು, ಅಷ್ಟೂ ಗ್ರೂಪಿಗೆ ಸೇರಿದವರವು. ನಾನು ಓದಿದೆ. ಹೌದು, ಓದಿದೆ. ಪಕ್ಕದಲ್ಲಿ ಚಹಾ ಆರುತ್ತಿತ್ತು, ಪತ್ರಕ್ಕೆ ಸಹಿ ಆಗಬೇಕಿತ್ತು, ನನ್ನ ಧ್ವನಿ ಚೆನ್ನಾಗಿಯೇ ಇತ್ತು. ಒಂದೊಂದು ಹೆಸರಿಗೂ ಲಿಂಗರಾಜನ ಹೆಬ್ಬೆರಳು ಒಮ್ಮೆ ಒತ್ತುತ್ತಿತ್ತು. ಹನ್ನೊಂದು ಆದ ಮೇಲೆ ಹನ್ನೆರಡನೆಯದು ಜಗದೇವಿ. ಪುಸ್ತಕ ಮುಚ್ಚಿದೆ.

"ಇದು ನಮ್ಮ ಅತ್ತಿ ಹೆಸ್ರು. ನಾ ಓದಂಗಿಲ್ರಿ."

"ಓದ್ಲಿಲ್ಲಂದ್ರ ಪತ್ರದಾಗ ನಿನ್ನ ಹೆಸ್ರು ಬರಂಗಿಲ್ಲ," ಎಂದು ಅವರು ನಕ್ಕರು. ಜಗಳವಾಡುವಷ್ಟು ದೊಡ್ಡವಳೆಂದು ನನ್ನನ್ನು ಎಣಿಸಿರಲೇ ಇಲ್ಲ. "ಲಿಂಗರಾಜ, ನೀನಾ ಓದಪ್ಪಾ."

"ಹೂಂ ಸರ್."

ನಾನು ಮೆಟ್ಟಿಲಿಳಿಯುವಾಗ ಅವನು ಹದಿನಾಲ್ಕನೆಯದನ್ನು ಓದುತ್ತಿದ್ದ. ಅವನಿಗೆ ಮೂವತ್ತೆಂಟು ಅಂಕ ಬಂತು. ಸಂಘದವರು ಅವನಿಗೊಂದು ಶಾಲನ್ನೂ ಹೊದಿಸಿದರು. ನನಗೆ ಹನ್ನೊಂದು. ಗ್ರೂಪಿನಲ್ಲಿ ಈಗ ಮಾಣಿಕಪ್ಪನವರೊಬ್ಬರೇ ಬರೆಯಬಹುದು, ಉಳಿದವರು ನೋಡಬಹುದು. ದಿನಾ ಬೆಳಿಗ್ಗೆ ಹೂವಿನ ಚಿತ್ರದ ಜೊತೆ ಶುಭೋದಯ ಬರುತ್ತದೆ. ಆಫೀಸಿನ ಬೋರ್ಡಿನ ಮೇಲೆ ಮುನ್ನೂರ ಹನ್ನೆರಡು ಹಾಗೆಯೇ ಇದೆ. ಹತ್ತೊಂಬತ್ತು ಕಡಿಮೆಯಾಗಿದ್ದನ್ನು ಅಳಿಸಿ ಬರೆಯುವ ಪ್ರಾಮಾಣಿಕತೆ ಯಾರಿಗೂ ಬರಲಿಲ್ಲ.

ಅಂಕ ಬಂದ ವಾರ ನಾನು ತಾಂಡೂರಿಗೆ ಹೋದೆ. ನನ್ನ ಶೌರ್ಯವನ್ನು ಅತ್ತಿಗೆ ಹೇಳಬೇಕಿತ್ತು. ಆಕೆ ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು. ಸುತ್ತಲಿನ ಗಿಡಗಳ ಮೇಲೆಲ್ಲ ಕಲ್ಲಿನ ಪುಡಿ. ಪುಸ್ತಕ ಮುಚ್ಚಿದ್ದು, ಎದ್ದು ಬಂದದ್ದು, ಹನ್ನೊಂದು ಅಂಕ ಬಂದದ್ದು, ಎಲ್ಲವನ್ನೂ ಬಣ್ಣ ಕಟ್ಟಿ ಹೇಳಿದೆ. ಆಕೆ ಮೊರ ಕೆಳಗಿಡದೆಯೇ ಕೇಳಿದಳು.

"ಮೊದಲಿನ ಹನ್ನೊಂದು ಹೆಸ್ರು ನೀನಾ ಓದಿದೇನು?"

"ಹೂಂ."

"ಹನ್ನೆರಡನೇದು ನಂದು ಇರ್ಲಿಲ್ಲಂದ್ರ?"

ನಾನು ಕೆಳಗೆ ಬಿದ್ದ ತೊಗರಿ ಕಾಳು ಆರಿಸತೊಡಗಿದೆ.

"ಹತ್ತೊಂಬತ್ತೂ ಓದಿ, ಚಾ ಕುಡದು ಬರ್ತಿದ್ದಿ," ಎಂದಳು. ಸಿಟ್ಟೇನೂ ಇರಲಿಲ್ಲ, ಹೊಟ್ಟು ಹಾರಿಸಿದಷ್ಟೇ ಹಗುರವಾಗಿ ಹೇಳಿದಳು. "ನಮ್ಮಣ್ಣನ ಮಗಳಾ ಹೌದು ನೀ. ನಾ ಅವ್ವನ್ನ ನೋಡ್ದೆ, ನಂದು ಮುಗೀತು. ಆ ಹನ್ನೊಂದು ಮಂದೀದು ಏನಾತು?"

ಊಟ ಹಾಕಿದಳು, ಎರಡು ಸಲ ಪುಂಡಿಪಲ್ಯ ಬಡಿಸಿದಳು. ಆ ಮಾತನ್ನು ಮತ್ತೆ ಎತ್ತಲಿಲ್ಲ.

ಫಾರಂ ತುಂಬಿದವರ ನಂಬರುಗಳು ನನ್ನ ಮೊಬೈಲಿನಲ್ಲಿಯೂ ಇದ್ದವು. ಮರುದಿನ ಬೆಳಿಗ್ಗೆ ಹನ್ನೊಂದು ಜನರಿಗೂ ಫೋನ್ ಹಚ್ಚಲು ಕೂತೆ. ಐವರು ಎತ್ತಲಿಲ್ಲ. ಇಬ್ಬರು ಸಂಘದ ಹೆಸರು ಕೇಳಿದ್ದೇ ತಡ ಕಟ್ ಮಾಡಿದರು. ಬಾವಿ ಜಗಳದ ಮನೆಯವರು ಮೂರು ಜನ. ಅವರಲ್ಲಿ ಹಿರಿಯ ಹತ್ತು ನಿಮಿಷ ಮಾಣಿಕಪ್ಪನವರ ಮನೆತನವನ್ನೂ ನನ್ನ ಮನೆತನವನ್ನೂ ಒಟ್ಟಿಗೇ ಬೈದ. ಕೇಳಿಸಿಕೊಂಡೆ, ಅವನು ಹೇಳಿದ್ದರಲ್ಲಿ ಬಹಳ ತಪ್ಪೂ ಇರಲಿಲ್ಲ. ಕೊನೆಯವಳು ಲಚ್ಚಮ್ಮ, ನಾರಾಯಣಖೇಡದವಳು, ಗಂಡ ಸತ್ತ ಮೇಲೆ ಮತ್ತೊಂದು ಮದುವೆ ಮಾಡಿಕೊಂಡವಳು.

"ತೆಗದಾರೇನು? ನಾ ನೋಡೇ ಇಲ್ಲವಾ," ಎಂದಳು. "ಶಾಂತಾಬಾಯಿ ಮಣ್ಣಿಗೆ ಬಂದಿದ್ದೆ ನಾ. ಹಿಂದ ನಿಂತಿದ್ದೆ. ಯಾರೂ ಮಾತಾಡ್ಸಲಿಲ್ಲ, ಮಣ್ಣ್ ಕೊಟ್ಟು ಬಸ್ ಹತ್ತಿದೆ."

ನಾನೇ ಹೆಸರು ಓದಿದೆ ಎಂದು ಹೇಳಿದೆ.

"ಆತು. ಓದಿದಿ. ಈಗ್ಯಾಕ ಫೋನ್ ಮಾಡಿದಿ?"

"ಇನ್ನ ಮ್ಯಾಲ ಯಾರಾರ ಹೋದ್ರ ನಾನಾ ಹೇಳ್ತೀನ್ರಿ ನಿಮಗ."

"ಹೇಳಾಕಿ ಇದ್ರ ಹೇಳು. ಇಲ್ಲಂದ್ರ ಈಗ ಸುಮ್ನ ಬಾಯಿ ಮಾತು ಬ್ಯಾಡ. ಅಂಥವ್ರು ಭಾಳ ಮಂದಿ ಇದ್ದಾರ ನಿಮ್ಮ ಕಡಿ."

ಅದಾಗಿ ಏಳು ತಿಂಗಳು. ಸಮಾಜದಲ್ಲಿ ನಾಲ್ಕು ಜನ ತೀರಿಕೊಂಡರು. ನಾಲ್ಕು ಸಲವೂ ಲಚ್ಚಮ್ಮನಿಗೆ ಫೋನ್ ಮಾಡಿದೆ. ಎರಡು ಸಲ ಬಂದಳು. ಈಗ ಹಿಂದೆ ನಿಲ್ಲುವುದಿಲ್ಲ. ನನ್ನ ಪಕ್ಕದಲ್ಲೇ ನಿಂತು, ಮಾಣಿಕಪ್ಪನವರು ಸತ್ತವರ ಗುಣಗಾನ ಶುರು ಮಾಡಿದ ಕೂಡಲೇ ಎಲ್ಲರಿಗೂ ಕೇಳುವಂತೆ ಆಕಳಿಸುತ್ತಾಳೆ.